ಕೊರಿಯರ್ ಇರುವಾಗ ಅಷ್ಟು ದೂರ ಯಾಕೆ ಹೋಗ್ತೀರಿ?

ಹಳೆಯ ಪಿಕಪ್ ಒಂದನ್ನು ಮತ್ತೆ ರಸ್ತೆಗಿಳಿಸಲು ಹೊರಟವನಿಗೆ ಜನ ಕೇಳುವ ಮೊದಲ ಪ್ರಶ್ನೆ, ಎಷ್ಟು ಖರ್ಚಾಯಿತು? ಎರಡನೆಯದು, ಬಿಡಿಭಾಗಗಳನ್ನು ಫೋನಿನಲ್ಲೇ ಹುಡುಕಿ ಮನೆ ಬಾಗಿಲಿಗೆ ತರಿಸಿಕೊಳ್ಳಬಹುದಲ್ಲ, ಹಗಲುಗಟ್ಟಲೆ ಗಾಡಿ ಓಡಿಸಿ ತುಕ್ಕು ಹಿಡಿದ ಕಬ್ಬಿಣ ಹೊತ್ತು ತರುವುದು ಯಾಕೆ? ಮೊದಲನೆಯದಕ್ಕೆ ನಾನು ಮನೆಯಲ್ಲೂ ಉತ್ತರ ಕೊಟ್ಟಿಲ್ಲ. ಎರಡನೆಯದಕ್ಕೆ ಕೊಡುತ್ತೇನೆ.

ತರಿಸಿಕೊಳ್ಳಬಹುದಾದದ್ದನ್ನು ನಾನೂ ತರಿಸಿಕೊಳ್ಳುತ್ತೇನೆ. ನನ್ನದು 1951ರ ಷೆವರ್ಲೆ 3100. 1947ರಿಂದ 1955ರ ಆರಂಭದವರೆಗೆ ತಯಾರಾದ ಈ ಸರಣಿಯ ಹಿಂದೆ ಬಿದ್ದವರು ಎಷ್ಟೊಂದು ಜನ ಇದ್ದಾರೆಂದರೆ, ಬಾಗಿಲಿನ ರಬ್ಬರು, ವೈರಿಂಗ್, ಹಿಂದಿನ ಬಾಡಿಯ ಹಲಗೆ, ಬಂಪರ್ ಎಲ್ಲವೂ ಹೊಸದಾಗಿಯೇ ಸಿಗುತ್ತವೆ. ಇವಕ್ಕಾಗಿ ಟ್ರೇಲರ್ ಕಟ್ಟಿಕೊಂಡು ಹೊರಡುವವನಿಗೆ ಬೇರೆ ಕೆಲಸವಿಲ್ಲ ಅಂತಲೇ ಅರ್ಥ.

ಎಂಜಿನ್ ವಿಷಯ ಹಾಗಲ್ಲ. ಈ ಗಾಡಿಯದು 216 ಘನ ಇಂಚಿನ ಆರು ಸಿಲಿಂಡರ್ ಎಂಜಿನ್. ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಅದರ ಕನೆಕ್ಟಿಂಗ್ ರಾಡ್‌ಗಳಲ್ಲಿ ಈಗಿನ ಹಾಗೆ ಕಳಚಿ ಹಾಕುವ ಬೇರಿಂಗ್ ಚಿಪ್ಪುಗಳಿಲ್ಲ. ಬ್ಯಾಬಿಟ್ ಎಂಬ ಮೆದು ಲೋಹವನ್ನು ರಾಡಿಗೇ ನೇರವಾಗಿ ಎರಕ ಹೊಯ್ದಿರುತ್ತಾರೆ. ಪಂಪಿನ ಒತ್ತಡದ ಎಣ್ಣೆ ಅಲ್ಲಿಗೆ ಹೋಗುವುದಿಲ್ಲ. ರಾಡಿನ ತಳದಲ್ಲಿರುವ ಡಿಪ್ಪರ್ ಪುಟ್ಟ ಸೌಟಿನಂತೆ ಪ್ರತಿ ಸುತ್ತಿಗೂ ಎಣ್ಣೆ ಮೊಗೆದುಕೊಳ್ಳುತ್ತದೆ. ಬೇರಿಂಗ್ ಸವೆದಂತೆಲ್ಲ ರಾಡಿನ ತಳದ ಮುಚ್ಚಳದ, ಅಂದರೆ ಕ್ಯಾಪಿನ, ಅಡಿಯ ತೆಳು ತಗಡಿನ ಶಿಮ್‌ಗಳನ್ನು ಒಂದೊಂದಾಗಿ ತೆಗೆದು ಸಡಿಲ ಕಡಿಮೆ ಮಾಡಬೇಕು. ಶಿಮ್ ಮುಗಿದರೆ ಮತ್ತೆ ಎರಕವೇ ಗತಿ, ಆ ಕೆಲಸ ಬಲ್ಲವರು ಈಗ ಬಹಳ ಇಲ್ಲ.

ಮಾರುವವರು ‘ಎಂಜಿನ್ ತಿರುಗುತ್ತೆ ಸಾರ್’ ಅನ್ನುತ್ತಾರೆ. ಸುಳ್ಳೇನಲ್ಲ. ಆದರೆ ಕೈಯಲ್ಲಿ ತಿರುಗಿದರೆ ಪಿಸ್ಟನ್ ಹಿಡಿದುಕೊಂಡಿಲ್ಲ ಎಂದಷ್ಟೇ ಗೊತ್ತಾಗುವುದು. ಅಡಿಯಲ್ಲಿ ಮಲಗಿ, ಎಂಜಿನ್ ತಳದ ಎಣ್ಣೆ ತಟ್ಟೆ, ಅಂದರೆ ಆಯಿಲ್ ಪ್ಯಾನ್ ಬಿಚ್ಚಿ, ಟಾರ್ಚ್ ಹಿಡಿದರೆ ಮಾತ್ರ ಶಿಮ್ ಎಷ್ಟು ಉಳಿದಿದೆ, ಡಿಪ್ಪರ್ ಬಾಗಿದೆಯೇ, ಬ್ಯಾಬಿಟ್ ಬಿರಿದಿದೆಯೇ ಎಂದು ಕಾಣುತ್ತದೆ. ಚಳಿ ಪ್ರದೇಶದ ಗಾಡಿಯಾದರೆ ಬ್ಲಾಕಿನ ಪಕ್ಕೆಯನ್ನೂ ತಂತಿ ಬ್ರಷ್‌ನಿಂದ ಉಜ್ಜಿ ನೋಡಬೇಕು. ಒಳಗಿನ ನೀರು ಹೆಪ್ಪುಗಟ್ಟಿ ಸೀಳಿದ ಗೆರೆ ಗ್ರೀಸಿನ ಕೆಳಗೆ ಹಾಯಾಗಿ ಅಡಗಿರುತ್ತದೆ.

ಯಾರೋ ಆಗಲೇ ಬಿಚ್ಚಿಟ್ಟ ಎಂಜಿನ್ ಆದರೆ ಇನ್ನೊಂದು ತಾಪತ್ರಯ. ಕ್ರ್ಯಾಂಕ್ ಶಾಫ್ಟನ್ನು ಹಿಡಿದಿಡುವ ಮೇನ್ ಕ್ಯಾಪ್‌ಗಳನ್ನು ಕಾರ್ಖಾನೆಯಲ್ಲಿ ಬ್ಲಾಕಿಗೆ ಬಿಗಿದ ಮೇಲೆ ಎರಡನ್ನೂ ಒಟ್ಟಿಗೆ ಕೊರೆದಿರುತ್ತಾರೆ. ಬೇರೆ ಬ್ಲಾಕಿನ ಕ್ಯಾಪ್ ನೋಡಲು ಒಂದೇ ಥರ ಇದ್ದರೂ ಹಾಗೇ ತಂದು ಹಾಕಿದರೆ ಶಾಫ್ಟ್ ನೇರಕ್ಕೆ ಕೂರುವುದಿಲ್ಲ. ಬ್ಲಾಕ್ ಶೆಡ್ಡಿನ ನಡುವೆ ಇರುತ್ತದೆ, ಕ್ಯಾಪ್‌ಗಳು ಎಲ್ಲೋ ಹಲಗೆಯ ಮೇಲಿನ ಡಬ್ಬದಲ್ಲಿ, ಹಳೆಯ ಸ್ಪಾರ್ಕ್ ಪ್ಲಗ್‌ಗಳ ಜೊತೆ. ಆ ಡಬ್ಬ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಎಲ್ಲರ ಪ್ರಶ್ನೆಗೂ ನನ್ನ ಉತ್ತರ ಅದೇ: ನಾನು ಹೋಗುವುದು ಜಾಹೀರಾತಿನಲ್ಲಿ ಹಾಕಿದ ಸಾಮಾನಿಗಲ್ಲ, ಅದರ ಸುತ್ತ ಬಿದ್ದಿರುವುದಕ್ಕೆ. ಕ್ಲಿಪ್ಪು, ಬ್ರಾಕೆಟ್ಟು, ಸ್ಪ್ರಿಂಗು, ಅಳತೆಯ ವಾಷರು. ಮಾರುವವರ ಪಾಲಿಗೆ ಅವು ಕಸ.

ಬಾಗಿಲಿನದು ಬೇರೆಯೇ ಕಥೆ. ‘1947ರಿಂದ 55ರವರೆಗಿನ ಬಾಗಿಲು’ ಎಂದು ಮಾರುತ್ತಾರೆ, ಗಾಡಿಗೆ ಕೂರುವುದೂ ನಿಜ. ಆದರೆ ಮುಂಬದಿಯ ತ್ರಿಕೋನ ಗಾಜು ಬಂದದ್ದು 1951ರಲ್ಲಿ, ಹೊರಗಿನ ಹಿಡಿಗೆ ಒತ್ತುವ ಬಟನ್ ಬಂದದ್ದು 1952ರಲ್ಲಿ. ಅಂದರೆ ತ್ರಿಕೋನ ಗಾಜಿನ ಜೊತೆ ತಿರುಗಿಸುವ ಹಳೆಯ ಹಿಡಿ ಇರುವ ಬಾಗಿಲು ಒಂದೇ ವರ್ಷದ್ದು, ನನ್ನ ದುರದೃಷ್ಟಕ್ಕೆ ನನ್ನ ಗಾಡಿಯ ವರ್ಷದ್ದು. ಅಂಥದ್ದು ಸಿಕ್ಕಿತು ಎಂದಾಗ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಹೋಗುತ್ತೇನೆ. ತುಕ್ಕು ತಿಂದ ಜಾಗಕ್ಕೆ ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಯಸ್ಕಾಂತ ಅಲ್ಲಿ ಕಚ್ಚುವುದಿಲ್ಲ. ಫೋಟೊದಲ್ಲಿ ಅದೇ ಜಾಗ ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುತ್ತಿರುತ್ತದೆ.

ಹಿಂದಿನ ಆಕ್ಸಲ್ ಹೌಸಿಂಗಿನೊಳಗೆ ಯಾವ ಹಲ್ಲಿನ ಜೋಡಿ ಇದೆ ಎಂಬುದು ಹೊರಗಿನಿಂದ ಕಾಣದು. ಒಂದು ಚಕ್ರವನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಪೂರ್ತಿ ಎರಡು ಸುತ್ತು ತಿರುಗಿಸಿ, ಎಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತೆಂದು ಎಣಿಸಿದರೆ ಸಾಕು. ನಾಲ್ಕು ದಾಟಿ ತುಸು ಮುಂದೆ ನಿಂತರೆ 4.11, ಅಂದರೆ ಕ್ರೌನ್ ಎಂಬ ದೊಡ್ಡ ಗೇರಿಗೆ 37 ಹಲ್ಲು, ಪಿನಿಯನ್ ಎಂಬ ಚಿಕ್ಕದಕ್ಕೆ 9. ಈ ಜೋಡಿಯನ್ನು ಒಟ್ಟಿಗೇ ಕೊಳ್ಳಬೇಕು. ಒಂದು ಈ ಆಕ್ಸಲ್‌ನದು, ಇನ್ನೊಂದು ಆ ಆಕ್ಸಲ್‌ನದು ಸೇರಿಸಿದರೆ ಗಾಡಿ ದಾರಿಯುದ್ದಕ್ಕೂ ಗೋಳಾಡುತ್ತದೆ.

ದಾರಿಯ ಬಗ್ಗೆಯೂ ಕೇಳುತ್ತಾರೆ, ಏನೋ ವಿಹಾರ ಎಂಬಂತೆ. ಹೋಗುವಾಗ ಖಾಲಿ ಟ್ರೇಲರ್ ಕುಣಿಯುತ್ತದೆ, ಬರುವಾಗ ತುಂಬಿದ್ದು ಎಳೆಯುತ್ತದೆ. ಆ ಎಂಜಿನ್ನಿನ ತೂಕವೇ ಕಾಲು ಟನ್ನಿಗೂ ಹೆಚ್ಚು. ಅದನ್ನು ಟ್ರೇಲರಿನ ಹಿಂಬದಿಗೆ ಹೇರಿದರೆ ಮೂತಿ ಹಗುರಾಗಿ, ವೇಗ ಏರಿದಂತೆ ಟ್ರೇಲರ್ ಬಾಲ ಬೀಸುತ್ತದೆ. ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಹೊರಟು ಸ್ವಲ್ಪ ದೂರಕ್ಕೇ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯುತ್ತೇನೆ, ಯಾಕೆಂದರೆ ಸಾಮಾನು ಕುಲುಕಿ ಕುಲುಕಿ ತನ್ನ ಜಾಗ ಹಿಡಿಯುವುದು ಆಗಲೇ. ಹಾಗೇ ಚಕ್ರದ ನಡುವಿನ ಹಬ್‌ಗಳ ಹತ್ತಿರ ಕೈ ಒಯ್ದು ನೋಡುವುದು; ಒಂದು ಮಾತ್ರ ವಿಪರೀತ ಬಿಸಿಯಾಗಿದ್ದರೆ ಅದರ ಬೇರಿಂಗ್ ಹೋಗುತ್ತಿದೆ, ಇಲ್ಲವೇ ಬ್ರೇಕ್ ಉಜ್ಜುತ್ತಿದೆ. ಹಳೆಯ ಬ್ರೇಕ್ ಡ್ರಮ್‌ಗಳ ಒಳಗಿನ ಪುಡಿಯನ್ನು ಅಲ್ಲೇ ಕೊಡವಲು ಹೋಗಬೇಡಿ. ಆ ಕಾಲದ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತನ್ನಿ.

ಕಾರ್ಬ್ಯುರೇಟರ್, ಸ್ಟಾರ್ಟರ್, ಮೀಟರ್‌ಗಳಂಥವು ಪೆಟ್ಟಿಗೆಯಲ್ಲಿ ಹಿಡಿಯುತ್ತವೆ, ಸರಿಯಿಲ್ಲದಿದ್ದರೆ ವಾಪಸು ಕಳಿಸಬಹುದು. ಅವಕ್ಕೆ ಕೊರಿಯರ್ ಇದೆ. ಮಿಕ್ಕವಕ್ಕೆ ಹೊರಡುವ ಮುಂಚೆ ಫೋನಿನಲ್ಲಿ ಎರಡು ಮಾತು ಕೇಳುತ್ತೇನೆ: ಆಯಿಲ್ ಪ್ಯಾನ್ ಬಿಚ್ಚಿ ನೋಡಲು ಬಿಡುತ್ತೀರಾ, ಶೆಡ್ಡಿನ ಡಬ್ಬಗಳನ್ನು ಹುಡುಕಲು ಬಿಡುತ್ತೀರಾ? ‘ಬನ್ನಿ, ಆಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಟ್ರೇಲರ್ ಕಟ್ಟುವುದಿಲ್ಲ.