2 ನಿಮಿಷ 20.4 ಸೆಕೆಂಡಿಗೆ ಒಲಿಂಪಿಕ್ ಗೆಲುವು

ಈಜು ಕಲಿಸುವುದು ನನ್ನ ಕೆಲಸ. ಮಕ್ಕಳಿಗೆ ಕಲಿಸುವುದು ಅಷ್ಟೇನೂ ಕಷ್ಟವಲ್ಲ, ಅವರ ಅಪ್ಪ ಅಮ್ಮಂದಿರಿಗೆ ಟೈಮಿಂಗ್ ಶೀಟ್ ಓದುವುದು ಕಲಿಸಬೇಕಲ್ಲ, ಅದು ಕಷ್ಟ. ಸ್ಪರ್ಧೆ ಮುಗಿಯುತ್ತಿದ್ದ ಹಾಗೆ ಮೊಬೈಲು ಹಿಡಿದು ಬರುತ್ತಾರೆ. "ಸರ್, ಆ ಹುಡುಗ ನಮ್ಮವನಿಗಿಂತ ನಾಲ್ಕು ಸೆಕೆಂಡ್ ಮುಂದಿದ್ದಾನೆ, ಯಾಕೆ ಹೀಗೆ?" ಅಂಥವರಿಗೆ ನಾನು ಇಯೋನಿಸ್ ಮಲೋಕಿನಿಸ್ ವಿಷಯ ಹೇಳುತ್ತೇನೆ.

1896, ಅಥೆನ್ಸ್ ಒಲಿಂಪಿಕ್ಸ್. ಆಗ ಈಜುಕೊಳ ಇರಲಿಲ್ಲ. ಏಪ್ರಿಲ್ 11ರಂದು ಪಿರೇಯಸ್ ಬಂದರಿನ ಪಕ್ಕದ ಝೇಯಾ ಕೊಲ್ಲಿಯಲ್ಲಿ, ತಣ್ಣಗೆ ಕೊರೆಯುವ ಸಮುದ್ರದಲ್ಲಿ, ನಾಲ್ಕು ಸ್ಪರ್ಧೆಗಳನ್ನು ಒಂದೇ ದಿನ ಮುಗಿಸಿದರು. ಹಂಗೇರಿಯ 18 ವರ್ಷದ ಆಲ್ಫ್ರೆಡ್ ಹಾಯೋಷ್ 100 ಮೀಟರನ್ನು 1 ನಿಮಿಷ 22.2 ಸೆಕೆಂಡಿನಲ್ಲಿ ಗೆದ್ದ. ಅದೇ ದಿನ, ಅದೇ ಕೊಲ್ಲಿ, ಅದೇ 100 ಮೀಟರ್. ಇನ್ನೊಂದು ಸ್ಪರ್ಧೆಯಲ್ಲಿ ಮಲೋಕಿನಿಸ್ 2 ನಿಮಿಷ 20.4 ಸೆಕೆಂಡ್ ತೆಗೆದುಕೊಂಡು ಮೊದಲು ಬಂದ. ಹಾಯೋಷ್‌ಗಿಂತ 58.2 ಸೆಕೆಂಡ್ ಹಿಂದೆ! ಆದರೂ ಇವನೂ ಒಲಿಂಪಿಕ್ ವಿಜೇತನೇ.

ಇಲ್ಲಿ ಪೋಷಕರು ತಕ್ಷಣ ನೀರಿನ ಮೇಲೆ ಹಾಕುತ್ತಾರೆ. ಅಲೆ ಇತ್ತು, ಚಳಿ ಇತ್ತು ಅಂತ. ಹಾಯೋಷ್‌ಗೂ ಅದೇ ಸಮುದ್ರ ತಾನೇ? ಆ ಚಳಿ ತಡೆಯಲು ಅದೇ ದಿನದ 1200 ಮೀಟರ್‌ಗೆ ಇಳಿಯುವಾಗ ಅವನು ಮೈಗೆಲ್ಲ ಕೊಬ್ಬು ಬಳಿದುಕೊಂಡಿದ್ದ.

ಉತ್ತರ ಇರುವುದು ಶೀಟಿನ ತಲೆಬರಹದಲ್ಲಿ. ಮಲೋಕಿನಿಸ್ ಗೆದ್ದಿದ್ದು ಗ್ರೀಸ್ ನೌಕಾಪಡೆಯ ನಾವಿಕರಿಗೆ ಮಾತ್ರ ಇಟ್ಟಿದ್ದ 100 ಮೀಟರ್. ಹೊರಗಿನವರಿಗೆ ಪ್ರವೇಶವೇ ಇಲ್ಲ. ಹೆಸರು ಕೊಟ್ಟವರು 11 ಜನ, ನೀರಿಗಿಳಿದವರು ಮೂವರು. ಸ್ಪಿರಿಡಾನ್ ಹಝಾಪಿಸ್ ಎರಡನೆಯವನು, ದಿಮಿತ್ರಿಯೋಸ್ ದ್ರಿವಾಸ್ ಮೂರನೆಯವನು. ಅವರಿಬ್ಬರ ಟೈಮಿಂಗೇ ದಾಖಲಾಗಿಲ್ಲ. ಒಂದು ಕಡೆ ಅದಾಗಲೇ ಸ್ಪರ್ಧೆಗಳಲ್ಲಿ ಪಳಗಿದ್ದ ಈಜುಗಾರ, ಇನ್ನೊಂದು ಕಡೆ ಹಡಗಿನ ಕೆಲಸದ ನಾವಿಕ. ಇವರಿಬ್ಬರ ಸೆಕೆಂಡ್‌ಗಳನ್ನು ಪಕ್ಕಪಕ್ಕ ಇಟ್ಟು ನಗುವುದು ಸುಲಭ, ಎಷ್ಟೋ ಜನ ನಕ್ಕಿದ್ದಾರೆ ಕೂಡ. ನನಗಂತೂ ಆ ನಗುವಿನಲ್ಲಿ ಅರ್ಥ ಕಾಣುವುದಿಲ್ಲ.

ಹೋಲಿಸಲೇಬೇಕು ಅಂದರೆ ಇಯೋನಿಸ್ ಆಂದ್ರೆಯು ಇದ್ದಾನೆ. ಅವನೂ ಗ್ರೀಕನೇ. ಎಲ್ಲರಿಗೂ ತೆರೆದಿದ್ದ 1200 ಮೀಟರ್‌ನಲ್ಲಿ ಹಾಯೋಷ್ ಜೊತೆಗೇ ಈಜಿ ಎರಡನೆಯವನಾದ. ಹಾಯೋಷ್ 18:22.2, ಇವನು 21:03.4. ಇಲ್ಲಿ ನೀರೂ ಒಂದೇ, ಸ್ಪರ್ಧೆಯೂ ಒಂದೇ, ಹಾಗಾಗಿ ಆ 2 ನಿಮಿಷ 41 ಸೆಕೆಂಡಿನ ಅಂತರಕ್ಕೆ ಬೆಲೆ ಇದೆ.

ನಮ್ಮ ಕೆಲಸದಲ್ಲಿ ಇದು ದಿನಾ ಎದುರಾಗುತ್ತದೆ. 25 ಮೀಟರ್ ಕೊಳದಲ್ಲಿ 100 ಮೀಟರ್ ಈಜಿದರೆ ಮೂರು ಸಲ ತಿರುಗಬೇಕು, ಅಂದರೆ ಮೂರು ಸಲ ಗೋಡೆ ಒದ್ದು ಮುಂದೆ ಜಾರುವ ಲಾಭ. 50 ಮೀಟರ್ ಕೊಳದಲ್ಲಿ ಅದು ಒಂದೇ ಸಲ. ಅದೇ ಹುಡುಗನಿಗೆ ಎರಡು ಟೈಮಿಂಗ್ ಬರುತ್ತದೆ, ದೊಡ್ಡ ಕೊಳದ್ದು ಸಾಮಾನ್ಯವಾಗಿ ಜಾಸ್ತಿ. ಮನೆಯವರು "ನಿಧಾನ ಆಗಿದ್ದಾನೆ" ಅಂತ ಗಾಬರಿಯಾಗುತ್ತಾರೆ. ಇನ್ನು ಜಿಲ್ಲಾ ಮಟ್ಟದ ಓಪನ್ ಸ್ಪರ್ಧೆಯ ಐದನೇ ಸ್ಥಾನವನ್ನು ಶಾಲೆಯ ಒಳಗಿನ ಮೊದಲ ಸ್ಥಾನದ ಪಕ್ಕ ಇಟ್ಟು ಮಗುವಿಗೆ ಬೈಯುವವರೂ ಇದ್ದಾರೆ. ಸುಮ್ನೆ ಇರಲಾಗುವುದಿಲ್ಲ ನನಗೆ.

ಅದಕ್ಕೇ ನಮ್ಮ ಶೀಟಿನಲ್ಲಿ ಕಾಲಂಗಳ ಕ್ರಮ ಬದಲಿಸಿದ್ದೇನೆ. ಮೊದಲು ಸ್ಪರ್ಧೆ ಯಾರಿಗೆ ತೆರೆದಿತ್ತು, ಆಮೇಲೆ ಕೊಳದ ಉದ್ದ, ಆಮೇಲೆ ಎಷ್ಟು ಜನ ಈಜಿದರು, ಟೈಮಿಂಗ್ ಕೊನೆಗೆ. ಪೋಷಕರು ಈಗಲೂ ಬಲಗಡೆಯಿಂದಲೇ ಓದುತ್ತಾರೆ.