ನಿನ್ನೆ ಉಂಗುರ, ಇವತ್ತು ಬೇರೆಯೇ ರೂಪ

ಮಂಗಳೂರು, 11 ಜುಲೈ 2025, ಶುಕ್ರವಾರ

ಬೆಳಗ್ಗಿಂದ ಮಳೆ ಬಿಟ್ಟಿಲ್ಲ. ಲ್ಯಾಬಿನಲ್ಲಿ ಸ್ಲೈಡ್ ಒಣಗಿಸುವುದೇ ದೊಡ್ಡ ಕೆಲಸ.

ನಿನ್ನೆ ರಾತ್ರಿ ಒಂಬತ್ತಕ್ಕೆ ಕಟ್ಟಡ ಕೆಲಸದ ಅಣ್ಣ ಒಬ್ಬರು ಗಡಗಡ ನಡುಗುತ್ತಾ ಬಂದಿದ್ದರು. ರಕ್ತ ಕೊಟ್ಟು, ರಿಪೋರ್ಟಿಗೆ ಕಾಯದೆ ಹೋಗಿಬಿಟ್ಟರು. ನೋಡಿದರೆ ವೈವಾಕ್ಸ್ ಮಲೇರಿಯಾ. ಫೋನ್ ಮಾಡಿದರೆ ಸ್ವಿಚ್ ಆಫ್. ಇವತ್ತು ಸಂಜೆ ಆರಕ್ಕೆ ಬಂದು, "ಜ್ವರ ಬಿಟ್ಟಿದೆ ಮೇಡಂ, ಸುಮ್ನೆ ರಿಪೋರ್ಟ್ ಕೊಡಿ" ಅಂದರು. ಮಾತ್ರೆ ಶುರು ಮಾಡುವ ಮೊದಲು ಇನ್ನೊಂದು ಸ್ಲೈಡ್ ನೋಡಿ ಅಂತ ಡಾಕ್ಟರ್ ಹೇಳಿದರು.

ಹೊಸದಾಗಿ ಸೇರಿದ ಹುಡುಗಿ ಮೈಕ್ರೋಸ್ಕೋಪಿನಿಂದ ತಲೆ ಎತ್ತಿ, "ಅಕ್ಕಾ, ಸ್ಲೈಡ್ ಅದಲುಬದಲು ಆಗಿದೆಯಾ?" ಅಂತ ಕೇಳಿದಳು.

ಹಾಗೆ ಅನಿಸುವುದು ಸಹಜ. ನಿನ್ನೆಯದರಲ್ಲಿ ಹೆಚ್ಚಿನವು ಪುಟ್ಟ ಉಂಗುರಗಳು. ತೆಳ್ಳಗಿನ ನೀಲಿ ಬಳೆ, ಅದಕ್ಕೆ ಹರಳು ಕೂರಿಸಿದ ಹಾಗೆ ಒಂದು ಕೆಂಪು ಚುಕ್ಕೆ. ಇವತ್ತು ಉಂಗುರ ಹುಡುಕಿದರೂ ಸಿಗುವುದು ಕಷ್ಟ. ರಕ್ತಕಣ ಉಬ್ಬಿ ಅಕ್ಕಪಕ್ಕದ ಕಣಗಳಿಗಿಂತ ದೊಡ್ಡದಾಗಿದೆ, ಮೈತುಂಬ ಗುಲಾಬಿ ಚುಕ್ಕೆ. ಒಳಗೆ ಪರಾವಲಂಬಿ ಹರಕು ಬಟ್ಟೆಯ ಹಾಗೆ ಎಲ್ಲೆಂದರಲ್ಲಿ ಚಾಚಿಕೊಂಡಿದೆ. ನಡುವೆ ಕಂದು ಪುಡಿ. ಅದು ತಿಂದು ಮುಗಿಸಿದ ಹಿಮೋಗ್ಲೋಬಿನ್ನಿನ ಕಸ.

ಜೀವಿ ಅದೇ. ನಡುವೆ 21 ಗಂಟೆ ಕಳೆದಿದೆ, ಅಷ್ಟೇ. ಸುಮಾರು 48 ಗಂಟೆಗೆ ಒಂದೊಂದೂ 12ರಿಂದ 24 ಮರಿಗಳಾಗಿ ಕಣ ಒಡೆದು ಹೊರಬರುತ್ತದೆ. ಆಗಲೇ ಚಳಿಜ್ವರ. ಇಟಲಿಯ ವೈದ್ಯ ಕಮಿಲ್ಲೋ ಗಾಲ್ಜಿ 1880ರ ದಶಕದಲ್ಲೇ ಜ್ವರ ಏರುವ ಹೊತ್ತಿಗೂ ಈ ರೂಪಗಳಿಗೂ ತಾಳೆ ಹಾಕಿ ತೋರಿಸಿದ್ದರು. "ಜ್ವರ ಬಿಟ್ಟಿದೆ" ಅಂತ ಯಾರಾದರೂ ಅಂದರೆ ನನಗೆ ಜೀವ ತಡೆಯುವುದಿಲ್ಲ. ಅವರು ಆರಾಮಾಗಿರುವ ಹೊತ್ತಲ್ಲೇ ಒಳಗೆ ಇದು ಬೆಳೆಯುತ್ತಿರುತ್ತದೆ, ಅಲ್ವಾ?

ಮಲೇರಿಯಾದ ಇನ್ನೊಂದು ಬಗೆ ಫಾಲ್ಸಿಪ್ಯಾರಮ್ ಆದರೆ ಭಯ ಇನ್ನೂ ಜಾಸ್ತಿ. ಅದರಲ್ಲಿ ಬೆಳೆದವು ಒಳಗಿನ ಅಂಗಗಳ ಸಣ್ಣ ರಕ್ತನಾಳಗಳಿಗೆ ಅಂಟಿಕೊಂಡುಬಿಡುತ್ತವೆ. ಬೆರಳಿನ ರಕ್ತದಲ್ಲಿ ಸಾಮಾನ್ಯವಾಗಿ ಕಾಣುವುದು ಉಂಗುರಗಳು, ಕೆಲವು ದಿನ ಕಳೆದಿದ್ದರೆ ಬಾಳೆಹಣ್ಣಿನ ಆಕಾರದ ಗ್ಯಾಮೆಟೋಸೈಟುಗಳು, ಅಂದರೆ ಸೊಳ್ಳೆಗೆ ದಾಟುವ ರೂಪ. ಸ್ಲೈಡಿನಲ್ಲಿ ಕಡಿಮೆ ಇದೆ ಅಂತ ಸಮಾಧಾನ ಪಡುವ ಹಾಗಿಲ್ಲ.

ಅಣ್ಣನನ್ನು ಕರೆದು ಎರಡೂ ಸ್ಲೈಡ್ ತೋರಿಸಿದೆ. ಒಂದು ಕಣ್ಣು ಮುಚ್ಚಿ ತುಂಬಾ ಹೊತ್ತು ನೋಡಿದರು. "ಇದು ನನ್ನ ರಕ್ತವಾ ಮೇಡಂ?" ಅಂದರು. ಆಮೇಲೆ ಮಾತಾಡಲಿಲ್ಲ. ಕ್ಲೋರೋಕ್ವಿನ್ ನಮ್ಮೆದುರೇ ನುಂಗಿದರು. 14 ದಿನದ ಪ್ರಿಮಾಕ್ವಿನ್ ಮಾತ್ರೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿ ಜೇಬಿಗೆ ಹಾಕಿಕೊಂಡರು.

ನಾಳೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ, ಆಫ್ ಮಾಡಿ ಇಡಬೇಡಿ ಅಂತ ಹೇಳಿ ಕಳಿಸಿದ್ದೇನೆ.