ಕುಂಡದಲ್ಲಿ ಬ್ರಗ್‌ಮ್ಯಾನ್ಸಿಯಾ: ಮೊಗ್ಗು ಬರುವುದು ಕವಲಿನ ಮೇಲೆ

ಕಹಳೆಯಂಥ ಹೂ ಜೋತುಬೀಳುವ ಬ್ರಗ್‌ಮ್ಯಾನ್ಸಿಯಾ ಗಿಡ ಸೊಂಪಾಗಿ ಬೆಳೆದೂ ಹೂ ಬಿಡುತ್ತಿಲ್ಲವೇ? ಮೊದಲು ಕಾಂಡ ನೋಡಿ. ಅದು ‘ವೈ’ ಆಕಾರದಲ್ಲಿ ಕವಲೊಡೆದ ಮೇಲೆಯೇ ಮೊಗ್ಗು. ಕವಲಿನ ಕೆಳಗೆ ಕತ್ತರಿಸಿದರೆ ಗಿಡ ಮತ್ತೆ ಕವಲೊಡೆಯುವವರೆಗೂ ಕಾಯಬೇಕು. ಸವರುವಾಗ ಕವಲಿನ ಮೇಲೆ ಪ್ರತಿ ರೆಂಬೆಗೂ ಐದಾರು ಗೆಣ್ಣು ಬಿಡಿ. ಕವಲಿನ ಮೇಲಿನ ಎಲೆಯ ಬುಡ ಸಮವಾಗಿರದು, ತೊಟ್ಟಿನ ಒಂದು ಬದಿ ಕೆಳಗಿಳಿದಿರುತ್ತದೆ. ಕಡ್ಡಿ ನೆಡಲು ಅಂಥ ರೆಂಬೆಯನ್ನೇ ಆರಿಸಿ, ಹೂ ಬೇಗ ಬರುತ್ತದೆ.

ದೊಡ್ಡ ಗಿಡಕ್ಕೆ 40ರಿಂದ 60 ಲೀಟರಿನ, ತಳದಲ್ಲಿ ಸಾಕಷ್ಟು ತೂತುಗಳಿರುವ ಕುಂಡ ಬೇಕು. ಇದು ಹೊಟ್ಟೆಬಾಕ ಗಿಡ. ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ ನೀರಲ್ಲಿ ಕರಗುವ ಸಮತೋಲನದ ಗೊಬ್ಬರ ಕೊಡಿ, ಪೊಟ್ಟಣದ ಮೇಲಿನ ಪ್ರಮಾಣ ಮೀರಬೇಡಿ. ಸಾರಜನಕವೊಂದನ್ನೇ ಸುರಿದರೆ ಬರೀ ಎಲೆ.

ಬೇಸಿಗೆಯಲ್ಲಿ ದಿನಾ ನೀರು, ಕೆಲವೊಮ್ಮೆ ಎರಡು ಹೊತ್ತು. ಆದರೆ ನಡು ಮಧ್ಯಾಹ್ನ ಎಲೆ ಜೋತುಬಿದ್ದ ಕೂಡಲೇ ಸುರಿಯಬೇಡಿ, ಮಣ್ಣಿಗೆ ಬೆರಳಿಟ್ಟು ನೋಡಿ. ಒದ್ದೆಯಿದ್ದರೆ ಸಂಜೆಗೆ ತಾನೇ ಚೇತರಿಸಿಕೊಳ್ಳುತ್ತದೆ. ಆಗಲೂ ಬಾಡಿಯೇ ಇದ್ದರೆ ಬೇರು ಕೊಳೆತಿರಬಹುದು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಬಲು ಹಿತ.

ಎಲೆಯ ಮೇಲೆ ಸಣ್ಣ ಹಳದಿ ಚುಕ್ಕಿ, ಅಡಿಯಲ್ಲಿ ನವಿರಾದ ಬಲೆ ಕಂಡರೆ ನುಸಿ. ಎಲೆಯಡಿಗೆ ನೀರು ರಭಸವಾಗಿ ಹಾಯಿಸಿ.

ಉಮ್ಮತ್ತಿಯ ಬಂಧುವಾದ ಇದರ ಪ್ರತಿ ಭಾಗವೂ ವಿಷ. ಸವರುವಾಗ ಕೈಗವಸು ಹಾಕಿ, ಕಣ್ಣು ಮುಟ್ಟಬೇಡಿ, ಮಕ್ಕಳಿಂದ ದೂರವಿಡಿ.